ಮಳೆಗಾಲಕ್ಕೆ ಮುಂಚೆ ಅಪ್ಪನ ವಿಲ್ ಎಲ್ಲಿಡಲಿ?

ಹಿಂದಿನ ಸಂಚಿಕೆಯಲ್ಲಿ ವಿಲ್ ಬರೆಯುವುದು ಹೇಗೆ ಅಂತ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಬರೆಯುವ ಬಗ್ಗೆ ಕೇಳಿದವರಿಗಿಂತ, ಬರೆದದ್ದನ್ನು ಎಲ್ಲಿಡಬೇಕು ಅಂತ ಕೇಳಿದವರೇ ಜಾಸ್ತಿ. ಅದರಲ್ಲೂ ಕೊಡಗಿನವರು, ಬಾಗಲಕೋಟೆ ಕಡೆಯವರು. ಜರಿದ ಗುಡ್ಡವನ್ನೂ ಏರಿದ ನೀರನ್ನೂ ಕಣ್ಣಾರೆ ಕಂಡವರು. ಹಾಗಾಗಿ ಈ ಸಲ ಇದೊಂದೇ ವಿಷಯ. ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮದು ಮಡಿಕೇರಿ ತಾಲೂಕು, ಇಳಿಜಾರಿನಲ್ಲಿರುವ ಹಳೇ ಮನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದಾಗ ನಮ್ಮ ಸಂಬಂಧಿಕರ ಮನೆ ಹೋಯಿತು, ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಅಪ್ಪನಿಗೆ ಈಗ 81 ವರ್ಷ. 2016ರಲ್ಲಿ ತಮ್ಮ ಕೈಯಲ್ಲೇ ವಿಲ್ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಬೀರುವಿನ ಲಾಕರಿನಲ್ಲಿ ಇಟ್ಟಿದ್ದಾರೆ. ರಿಜಿಸ್ಟರ್ ಮಾಡಿಸಿಲ್ಲ. ಜೂನ್ ಬಂತು ಅಂದರೆ ನನಗೆ ನಿದ್ದೆ ಬರುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ಇಷ್ಟು ಸಾಕಾ ಮೇಡಂ?

ಉತ್ತರ: ಸಾಲದು. ಫೋಟೋ ಇರಲಿ, ಅದು ಒಂದು ದಿನ ನಿಮ್ಮನ್ನು ಉಳಿಸಬಹುದು. ಆದರೆ ಫೋಟೋ ವಿಲ್ ಅಲ್ಲ. ನಮ್ಮ ಕಾನೂನಿನಲ್ಲಿ ಇವತ್ತಿಗೂ ವಿಲ್ ಅಂದರೆ ಕಾಗದದ ಮೇಲೆ ಬರೆದು, ಬರೆಸಿದವರು ಸಹಿ ಹಾಕಿ, ಕಡಿಮೆ ಅಂದರೂ ಇಬ್ಬರು ಸಾಕ್ಷಿಗಳು ಸಹಿ ಹಾಕಿದ್ದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಷ್ಟೋ ಪತ್ರಗಳನ್ನು ಕಂಪ್ಯೂಟರಿನಲ್ಲಿ ಒಪ್ಪಿಕೊಂಡರೂ ವಿಲ್ ಅನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ.

ನಿಮಗೆ ಎರಡು ದಾರಿ ಇದೆ. ಎರಡೂ 1908ರ ನೋಂದಣಿ ಕಾಯ್ದೆಯಲ್ಲೇ ಇವೆ.

ಮೊದಲನೆಯದು ಅಪ್ಪನ ಅದೇ ವಿಲ್ ಅನ್ನು ಈಗ ರಿಜಿಸ್ಟರ್ ಮಾಡಿಸುವುದು. "ಹತ್ತಿರ ಹತ್ತಿರ ಹತ್ತು ವರ್ಷ ಆಯಿತಲ್ಲ, ಇನ್ನು ಆಗುತ್ತಾ" ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ. ಕ್ರಯಪತ್ರಕ್ಕೆ ನಾಲ್ಕು ತಿಂಗಳ ಗಡುವು ಇದೆ, ವಿಲ್‌ಗೆ ಗಡುವೇ ಇಲ್ಲ. ಯಾವಾಗ ಬೇಕಾದರೂ ಹಾಜರುಪಡಿಸಬಹುದು ಅಂತ ಕಾಯ್ದೆಯ 27ನೇ ಕಲಂ ಹೇಳುತ್ತದೆ. ವಿಲ್‌ಗೆ ಸ್ಟಾಂಪ್ ಡ್ಯೂಟಿ ಇಲ್ಲ, ನೋಂದಣಿ ಶುಲ್ಕವೂ ಆಸ್ತಿಯ ಬೆಲೆ ನೋಡಿ ಏರುವಂಥದ್ದಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅದರ ನಕಲನ್ನು ಮೂರನೇ ಪುಸ್ತಕ ಅಂತ ಕರೆಯುವ ದಾಖಲೆಗೆ ಸೇರಿಸಿ ಮೂಲ ಪತ್ರವನ್ನು ನಿಮಗೇ ವಾಪಸ್ ಕೊಡುತ್ತಾರೆ. ಆಮೇಲೆ ಮನೆಯ ಮೂಲ ಪತ್ರ ಮಣ್ಣುಪಾಲಾದರೂ ಆಫೀಸಿನ ನಕಲು ಇರುತ್ತದೆ. ಅಪ್ಪ ಬದುಕಿರುವವರೆಗೆ ಆ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ ಸಿಗುತ್ತದೆ, ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದವರಿಗೆ ಕೊಡುತ್ತಾರೆ. ಹಾಗಾಗಿ ರಿಜಿಸ್ಟರ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನೋ ಹೆದರಿಕೆ ಬೇಡ. ಅಪ್ಪನಿಗೆ ಓಡಾಡಲು ಆಗದಿದ್ದರೆ ಕಾರಣ ಬರೆದು ಅರ್ಜಿ ಕೊಡಿ, ಅಧಿಕಾರಿಯೇ ಮನೆಗೆ ಬಂದು ಮಾಡಿಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ.

ಎರಡನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ. ವಿಲ್ ಅನ್ನು ಲಕೋಟೆಯಲ್ಲಿ ಹಾಕಿ, ಸೀಲ್ ಮಾಡಿ, ಮೇಲೆ ಅಪ್ಪನ ಹೆಸರು ಮತ್ತು ಒಳಗೆ ಇರುವುದು ವಿಲ್ ಅಂತ ಬರೆದು ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಠೇವಣಿ ಇಡಬಹುದು. ಸಬ್ ರಿಜಿಸ್ಟ್ರಾರ್ ಹತ್ತಿರ ಅಲ್ಲ, ಜಿಲ್ಲಾ ಕಚೇರಿಯಲ್ಲಿ. ಆ ಲಕೋಟೆಯನ್ನು ರಿಜಿಸ್ಟ್ರಾರ್ ತಮ್ಮ ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು ಅಂತ 43ನೇ ಕಲಂನಲ್ಲಿ ಬರೆದೇ ಇದೆ. ಒಂದು ಮನೆಯ ಕಾಗದಕ್ಕೆ ಬೆಂಕಿ ಬಿದ್ದರೆ ಏನು ಗತಿ ಅಂತ ನೂರು ವರ್ಷಕ್ಕೂ ಹಿಂದೆ ಯಾರೋ ಕೂತು ಯೋಚಿಸಿದ್ದಾರೆ. ಈ ಕಲಂ ಓದಿದಾಗೆಲ್ಲ ನನಗೆ ಸಮಾಧಾನ ಆಗುತ್ತದೆ. ಮನಸ್ಸು ಬದಲಾದರೆ ಅಪ್ಪ ಲಕೋಟೆಯನ್ನು ವಾಪಸ್ ತೆಗೆದುಕೊಳ್ಳಬಹುದು. ಅವರ ಕಾಲದ ನಂತರ ನೀವು ಅರ್ಜಿ ಹಾಕಿದರೆ ನಿಮ್ಮ ಎದುರಿಗೇ ಬಿಚ್ಚಿ, ನಕಲನ್ನು ಪುಸ್ತಕಕ್ಕೆ ಏರಿಸುತ್ತಾರೆ. ಒಂದೇ ಒಂದು ಎಚ್ಚರ: ಲಕೋಟೆ ಅಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಕಚೇರಿಯವರು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ರಿಜಿಸ್ಟರ್ ಮಾಡಿಸುತ್ತೇನೆ. ಸರ್ಕಾರಿ ಪುಸ್ತಕದಲ್ಲಿ ಒಂದು ನಕಲು, ಮೂಲ ಪತ್ರ ಗುಡ್ಡದ ಮನೆಯಲ್ಲಿ ಅಲ್ಲದೆ ಮೈಸೂರಿನಲ್ಲೋ ಹಾಸನದಲ್ಲೋ ಇರುವ ನಂಬಿಕೆಯ ಮಗಳ ಮನೆಯಲ್ಲಿ, ಜೆರಾಕ್ಸ್ ಒಂದು ನಿಮ್ಮ ಹತ್ತಿರ. ಒಂದೇ ಇಳಿಜಾರಿನ ಎರಡು ಮನೆಯಲ್ಲಿ ಎರಡು ನಕಲು ಇಟ್ಟರೆ ಅದು ಒಂದೇ ಕಡೆ ಇಟ್ಟ ಹಾಗೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಾಕ್ಷಿ ಹಾಕಿದ ಇಬ್ಬರು ಈಗ ಎಲ್ಲಿದ್ದಾರೆ? ಮುಂದೆ ತಕರಾರು ಬಂದರೆ, ರಿಜಿಸ್ಟರ್ ಆಗಿದ್ದರೂ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು "ನನ್ನೆದುರಿಗೆ ಸಹಿ ಹಾಕಿದರು" ಅಂತ ಹೇಳಬೇಕಾಗುತ್ತದೆ. ಅವರ ಈಗಿನ ವಿಳಾಸ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಇಬ್ಬರೂ ಅಪ್ಪನ ವಯಸ್ಸಿನವರೇ ಆಗಿದ್ದರೆ, ಅಪ್ಪ ಗಟ್ಟಿಯಾಗಿರುವಾಗಲೇ, ಚಿಕ್ಕ ವಯಸ್ಸಿನ ಇಬ್ಬರನ್ನು ಸಾಕ್ಷಿಯಾಗಿ ಇಟ್ಟುಕೊಂಡು ಹೊಸದಾಗಿ ಬರೆದು ರಿಜಿಸ್ಟರ್ ಮಾಡಿಸುವುದೇ ಒಳ್ಳೆಯದು. ಕಾಗದವನ್ನು ಕಾಪಾಡುವ ಚಿಂತೆಯಲ್ಲಿ ಸಾಕ್ಷಿಗಳನ್ನು ಮರೆಯುವವರೇ ಜಾಸ್ತಿ.

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆ, ಮಲಪ್ರಭಾ ದಂಡೆಯ ಊರಿನವರು. 2019ರಲ್ಲಿ ಮನೆಯೊಳಗೆ ಎದೆಮಟ್ಟ ನೀರು ಬಂದಿತ್ತು. ಟ್ರಂಕಿನಲ್ಲಿದ್ದ ಅಜ್ಜನ ಪಾಲುಪಟ್ಟಿ, ಹೊಲದ ಖರೀದಿ ಪತ್ರ, ವಿಮೆ ಬಾಂಡು ಎಲ್ಲ ತೊಯ್ದು ಒಂದಕ್ಕೊಂದು ಅಂಟಿದವು. ಬಿಸಿಲಿಗೆ ಹಾಕಿದೆವು, ಇನ್ನೂ ಹಾಳಾದವು. ಅವು ಇಲ್ಲದೆ ಹೊಲ ನಮ್ಮದು ಅಂತ ಹೇಳುವುದು ಹೇಗೆ? ಮತ್ತೆ ನೀರು ಬಂದರೆ ಏನು ಮಾಡಬೇಕು?

ಉತ್ತರ: ಮೊದಲು ಧೈರ್ಯ ಹೇಳುತ್ತೇನೆ. ಕಾಗದ ಹೋದರೆ ಹೊಲ ಹೋಗುವುದಿಲ್ಲ. ಪಾಲುಪಟ್ಟಿ, ಖರೀದಿ ಪತ್ರ ರಿಜಿಸ್ಟರ್ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ಸಿಗುತ್ತದೆ, ಕೋರ್ಟಿನಲ್ಲೂ ಬ್ಯಾಂಕಿನಲ್ಲೂ ಅದಕ್ಕೆ ಬೆಲೆ ಇದೆ. ನಂಬರ್ ನೆನಪಿಲ್ಲದಿದ್ದರೆ ಮೊದಲು ಋಣಭಾರ ಪತ್ರ, ನಾವೆಲ್ಲ ಇಸಿ ಅಂತ ಕರೆಯುತ್ತೇವಲ್ಲ, ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ಪತ್ರಗಳ ಪಟ್ಟಿ, ಅದನ್ನು ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದಕ್ಕೂ ಹಳೆಯದಾದರೆ ಕಚೇರಿಗೇ ಅರ್ಜಿ ಹಾಕಿ ಹುಡುಕಿಸಬೇಕು, ಎರಡು ಮೂರು ಸಲ ಓಡಾಡಬೇಕಾಗಬಹುದು. ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ) ದಾಖಲೆಗಳು ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿವೆ. ಎಲ್‌ಐಸಿ ಬಾಂಡು ಹೋಗಿದ್ದರೆ ಪಾಲಿಸಿ ಇರುವ ಶಾಖೆಯಲ್ಲಿ ಅರ್ಜಿ ಮತ್ತು ಇಂಡೆಮ್ನಿಟಿ ಬಾಂಡು (ಮುಂದೆ ನಷ್ಟವಾದರೆ ತುಂಬಿಕೊಡುತ್ತೇನೆ ಅನ್ನುವ ಮುಚ್ಚಳಿಕೆ) ಕೊಟ್ಟು ಡೂಪ್ಲಿಕೇಟ್ ಪಡೆಯಬಹುದು.

ಪಾಲುಪಟ್ಟಿ ರಿಜಿಸ್ಟರ್ ಆಗದೆ ಸುಮ್ನೆ ಹಿರಿಯರ ಮುಂದೆ ಬರೆದಿದ್ದಾಗಿದ್ದರೆ ಕಷ್ಟ ಇದೆ. ಅದರ ಇನ್ನೊಂದು ಪ್ರತಿ ಅಜ್ಜನ ಅಣ್ಣತಮ್ಮಂದಿರ ಮನೆಯಲ್ಲಿ ಇದೆಯಾ ಕೇಳಿ. ಆಗ ಪಹಣಿಯಲ್ಲಿ ಹೆಸರು ಹೇಗೆ ಬಂತು ಅಂತ ತಹಶೀಲ್ದಾರ್ ಕಚೇರಿಯ ಮ್ಯುಟೇಶನ್ ಕಡತ ನೋಡಿ, ಎಷ್ಟೋ ಸಲ ಅದರೊಳಗೇ ಒಂದು ನಕಲು ಕೂತಿರುತ್ತದೆ.

ಮುಂದಿನ ಸಲದ ಮಾತು. ಅಧಿಕಾರಿಗಳು ಮನೆ ಬಿದ್ದ ಬಗ್ಗೆ ಪಂಚನಾಮೆ ಬರೆಯುವಾಗ ಗೋಡೆ, ಕಾಳು, ದನ ಅಂತೆಲ್ಲ ಬರೆಸುತ್ತೇವೆ. ಕಾಗದ ಪತ್ರ ಹೋಗಿದೆ ಅಂತ ಬರೆಸುವವರು ಕಡಿಮೆ. ದಯವಿಟ್ಟು ಯಾವ ಯಾವ ಪತ್ರ ಹೋಯಿತು ಅಂತ ಒಂದು ಸಾಲು ಸೇರಿಸಿ ಅಂತ ಕೇಳಿ, ಅದರ ಪ್ರತಿ ಇಟ್ಟುಕೊಳ್ಳಿ. ಪೊಲೀಸ್ ಠಾಣೆಗೂ ಒಂದು ಅರ್ಜಿ ಕೊಟ್ಟು ಹಿಂಬರಹ ತೆಗೆದುಕೊಳ್ಳಿ. ಮೂಲ ಪತ್ರ ಯಾಕಿಲ್ಲ ಅಂತ ನಾಳೆ ಯಾರಾದರೂ ಕೇಳಿದರೆ ಉತ್ತರ ಆ ಒಂದು ಸಾಲಿನಲ್ಲಿರುತ್ತದೆ. ನಕಲನ್ನು ಸಾಕ್ಷ್ಯವಾಗಿ ಒಪ್ಪುವ ಮುಂಚೆ ಮೂಲ ಪತ್ರ ಹೇಗೆ ಹೋಯಿತು ಅಂತ ಕೋರ್ಟ್ ಕೇಳಿಯೇ ಕೇಳುತ್ತದೆ.

ಒದ್ದೆ ಕಾಗದ ಬಿಸಿಲಿಗೆ ಹಾಕಬಾರದು, ಇಸ್ತ್ರಿ ಪೆಟ್ಟಿಗೆಯನ್ನಂತೂ ಮುಟ್ಟಿಸಲೇಬಾರದು. ಬಿಸಿಗೆ ಹಾಳೆ ಸುರುಟಿಕೊಳ್ಳುತ್ತದೆ, ಶಾಯಿ ಮಸುಕಾಗುತ್ತದೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ ಗಂಡನ ವಿಲ್ ತಂದಿದ್ದರು. ಚೀಲದ ಬಾಯಿ ಕಟ್ಟಿದ್ದರು, ಆದರೂ ನೀರು ಒಳಗೆ ಹೋಗಿತ್ತು, ಹೋದದ್ದು ಹೊರಗೆ ಬರಲಾಗದೆ ಅಲ್ಲೇ ನಿಂತಿತ್ತು. ನಾಲ್ಕು ಹಾಳೆ ಸೇರಿ ಒದ್ದೆ ರೊಟ್ಟಿಯ ಹಾಗೆ ಆಗಿತ್ತು. ಬಾಲ್ ಪೆನ್ನಿನಲ್ಲಿ ಹಾಕಿದ ಸಾಕ್ಷಿಗಳ ಸಹಿ ಇನ್ನೂ ಕಾಣುತ್ತಿತ್ತು, ಜೆಲ್ ಪೆನ್ನಿನಲ್ಲಿ ಹಾಕಿದ ಅಜ್ಜನ ಸಹಿ ನೀಲಿ ಮೋಡದ ಹಾಗೆ ಹರಡಿತ್ತು. ನಾನು ಆತುರಪಟ್ಟು ಉಗುರಿನಿಂದ ಹಾಳೆ ಬಿಡಿಸಲು ಹೋದೆ. ಎರಡನೇ ಹಾಳೆಯ ಮೂಲೆ ನನ್ನ ಬೆರಳಿಗೆ ಅಂಟಿಕೊಂಡು ಬಂತು, ಆ ಮೂಲೆಯಲ್ಲಿ ಒಂದು ಸರ್ವೆ ನಂಬರ್ ಇತ್ತು. ಅದು ನನ್ನ ತಪ್ಪು. ಅಜ್ಜಿ ಏನೂ ಅನ್ನಲಿಲ್ಲ, ಅದನ್ನು ನೋಡುತ್ತಾ ಕೂತರು.

ಹಾಗಾಗಿ ಅವಸರ ಬೇಡ. ಅಂಟಿದ ಹಾಳೆಗಳನ್ನು ಎಳೆಯಬೇಡಿ. ನೆರಳಿನಲ್ಲಿ, ಗಾಳಿ ಆಡುವ ಕಡೆ, ಬಿಳಿ ಹತ್ತಿ ಬಟ್ಟೆಯ ಮೇಲೆ ಚಪ್ಪಟೆ ಮಲಗಿಸಿ. ಫ್ಯಾನ್ ಇದ್ದರೆ ಹಾಕಿ, ಆದರೆ ಕಾಗದದ ಮೇಲೆ ನೇರ ಬೀಸುವ ಹಾಗೆ ಬೇಡ. ಬಿಡಿ ಹಾಳೆಗಳ ನಡುವೆ ಏನೂ ಬರೆಯದ ಬಿಳಿ ಕಾಗದ ಇಟ್ಟು ಆಗಾಗ ಬದಲಾಯಿಸಿ. ನ್ಯೂಸ್ ಪೇಪರ್ ಬೇಡ, ಅದರ ಮಸಿ ಹತ್ತುತ್ತದೆ. ಕೆಸರನ್ನು ಒದ್ದೆಯಲ್ಲಿ ಉಜ್ಜಬೇಡಿ, ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಎರಡು ದಿನ ದಾಟಿದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಕಾಗದ ಜಾಸ್ತಿ ಇದ್ದು, ಒಣಗಿಸಲು ಜಾಗ ಇಲ್ಲ, ಕರೆಂಟು ಮಾತ್ರ ಇದೆ ಅನ್ನುವ ಪರಿಸ್ಥಿತಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ಇಡಿ. ಕೇಳಲು ವಿಚಿತ್ರ ಅನಿಸುತ್ತದೆ, ಆದರೆ ಹಳೇ ಕಾಗದ ಕಾಪಾಡುವವರೂ ಇದನ್ನೇ ಮಾಡುತ್ತಾರೆ. ಥಂಡಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ, ಆಮೇಲೆ ಒಂದೊಂದೇ ತೆಗೆದು ನಿಧಾನಕ್ಕೆ ಒಣಗಿಸಬಹುದು. ಒಣಗಿದ್ದು ಎಷ್ಟೇ ಹಾಳಾಗಿ ಕಂಡರೂ ಎಸೆಯಬೇಡಿ. ಹರಿದ ಮೂಲ ಪತ್ರವೂ ಮೂಲ ಪತ್ರವೇ.

ಪ್ರಶ್ನೆ: ಅಪ್ಪ ಬಿಳಿ ಹಾಳೆಯಲ್ಲಿ ವಿಲ್ ಮಾಡಿದ್ದರು, ರಿಜಿಸ್ಟರ್ ಆಗಿರಲಿಲ್ಲ. ಅವರು ತೀರಿಕೊಂಡ ಎರಡು ತಿಂಗಳಿಗೆ ಮನೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೀರು ಸಮೇತ ಸುಟ್ಟುಹೋಯಿತು. ನನ್ನ ಹತ್ತಿರ ಜೆರಾಕ್ಸ್ ಇದೆ. "ಒರಿಜಿನಲ್ ಇಲ್ಲ ಅಂದ ಮೇಲೆ ವಿಲ್ಲೂ ಇಲ್ಲ" ಅಂತ ಅಣ್ಣ ಹೇಳುತ್ತಿದ್ದಾನೆ. ನಿಜವಾ? (ಹಾಸನ ಜಿಲ್ಲೆಯ ಓದುಗರು)

ಉತ್ತರ: ನಿಜ ಅಲ್ಲ. ವಿಲ್ ರದ್ದಾಗಬೇಕಾದರೆ ಬರೆದವರೇ ಅದನ್ನು ರದ್ದು ಮಾಡಬೇಕು ಅನ್ನುವ ಮನಸ್ಸಿನಿಂದ ಸುಡಬೇಕು, ಹರಿಯಬೇಕು, ಇಲ್ಲವೇ ಬೇರೆ ವಿಲ್ ಬರೆಯಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 70ನೇ ಕಲಂ ಇದನ್ನೇ ಹೇಳುವುದು. ಕರೆಂಟಿನ ಕಿಡಿಗೆ ಆ ಅಧಿಕಾರ ಇಲ್ಲ. ಅದೇ ಕಾಯ್ದೆಯ 237ನೇ ಕಲಂ ಪ್ರಕಾರ ಬರೆದವರು ತೀರಿಕೊಂಡ ಮೇಲೆ ವಿಲ್ ಕಳೆದಿದ್ದರೆ, ಅಥವಾ ಆಕಸ್ಮಿಕದಿಂದಲೋ ಬೇರೆಯವರ ತಪ್ಪಿನಿಂದಲೋ ನಾಶವಾಗಿದ್ದರೆ, ಉಳಿದಿರುವ ನಕಲು ಅಥವಾ ಕರಡಿನ ಮೇಲೆ ಪ್ರೊಬೇಟ್, ಅಂದರೆ ವಿಲ್ ನಿಜ ಅಂತ ಕೋರ್ಟ್ ಕೊಡುವ ದೃಢೀಕರಣ, ಕೇಳಬಹುದು. ನಕಲೂ ಇಲ್ಲದಿದ್ದರೆ ಒಳಗೆ ಏನು ಬರೆದಿತ್ತು ಅನ್ನುವುದನ್ನು ಸಾಕ್ಷ್ಯದಿಂದ ಸಾಬೀತು ಮಾಡಲು 238ನೇ ಕಲಂ ಇದೆ.

ನಿಮ್ಮ ವಿಷಯದಲ್ಲಿ ತಾರೀಖು ನಿಮ್ಮ ಕಡೆಗಿದೆ. ಬದುಕಿದ್ದಾಗ ಅವರ ಬಳಿಯೇ ಇದ್ದ ವಿಲ್ ಆಮೇಲೆ ಸಿಗದೆ ಹೋದರೆ, ಅವರೇ ಹರಿದು ಹಾಕಿರಬಹುದು ಅಂತ ಎದುರು ಪಕ್ಷದವರು ವಾದ ಮಾಡುತ್ತಾರೆ. ಇಲ್ಲಿ ಅಪ್ಪ ಹೋಗಿ ಎರಡು ತಿಂಗಳಾದ ಮೇಲೆ ಬೆಂಕಿ ಬಿದ್ದಿದೆ. ಅಲ್ಲಿಯವರೆಗೂ ವಿಲ್ ಬೀರುವಿನಲ್ಲಿ ಇತ್ತು ಅಂತ ತೋರಿಸಿದರೆ ಆ ವಾದ ನಿಲ್ಲುವುದಿಲ್ಲ. ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ದೂರಿನ ಪ್ರತಿ ಎರಡನ್ನೂ ಬೇಗ ತೆಗೆಸಿ. ಅಂತ್ಯಕ್ರಿಯೆ ಆದ ಮೇಲೆ ಆ ವಿಲ್ ಅನ್ನು ಯಾರಾದರೂ ನೋಡಿದ್ದರಾ? ಅವರ ಹೇಳಿಕೆ ಬಹಳ ಮುಖ್ಯ. ಸಾಕ್ಷಿ ಹಾಕಿದ ಇಬ್ಬರನ್ನು ಈ ವಾರವೇ ಭೇಟಿ ಮಾಡಿ. ಟೈಪ್ ಮಾಡಿಸಿದ್ದಾದರೆ ಟೈಪ್ ಮಾಡಿದವರ ಕಂಪ್ಯೂಟರಿನಲ್ಲಿ ಕರಡು ಉಳಿದಿರಬಹುದು, ಅಳಿಸುವ ಮುಂಚೆ ಕೇಳಿ. ಜೆರಾಕ್ಸ್ ಯಾವಾಗ, ಯಾರು ತೆಗೆದರು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಜೋಡಿಸಿಕೊಂಡ ಮೇಲೆ ಕೋರ್ಟಿಗೆ ಹೋಗುವ ಮುಂಚೆ ಒಂದು ಸಲ ಅಣ್ಣನ ಜೊತೆ ಕೂತು ಮಾತಾಡಿ. ಅಣ್ಣನಿಗೂ ಅದು ಅಪ್ಪನ ಮಾತೇ ಅಲ್ವಾ. ಇಂಥ ಕೇಸುಗಳು ವರ್ಷಗಟ್ಟಲೆ ಎಳೆಯುವುದನ್ನು ನೋಡಿ ನೋಡಿ ಈ ಸಲಹೆ ಕೊಡುತ್ತಿದ್ದೇನೆ.

ಬೀರು ಅಂದಾಗ ನೆನಪಾಯಿತು. ಸ್ಟೀಲ್ ಬೀರು ಕಳ್ಳರಿಂದ ಕಾಪಾಡುತ್ತದೆ, ಬೆಂಕಿಯಿಂದ ಅಲ್ಲ. ತೆಳು ತಗಡು ಬೇಗ ಕಾಯುತ್ತದೆ, ಒಳಗಿನ ಕಾಗದಕ್ಕೆ ಜ್ವಾಲೆ ತಾಗದಿದ್ದರೂ ಆ ಬಿಸಿಗೇ ಕರಕಲಾಗುತ್ತದೆ. ಬೆಂಕಿ ತಡೆಯುವ ಪೆಟ್ಟಿಗೆ ಅಂತ ಬೇರೆಯೇ ಸಿಗುತ್ತದೆ, ಅದರ ಗೋಡೆಯೊಳಗೆ ಶಾಖ ತಡೆಯುವ ಪದರ ಇರುತ್ತದೆ. ಎಷ್ಟು ಹೊತ್ತು ತಡೆಯುತ್ತದೆ ಅಂತ ಅದರ ಮೇಲೆ ಬರೆದಿರುತ್ತಾರೆ, ಅದನ್ನು ಓದಿ ಕೊಳ್ಳಿ.

ಪ್ರಶ್ನೆ: ನಮ್ಮವರು ಇಬ್ಬರ ವಿಲ್ಲನ್ನೂ ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದಾರೆ. ಲಾಕರ್ ಅವರೊಬ್ಬರ ಹೆಸರಿನಲ್ಲಿದೆ. ಇದಕ್ಕಿಂತ ಭದ್ರ ಜಾಗ ಇಲ್ಲ ಅಂತಾರೆ. ಹೌದಾ?

ಉತ್ತರ: ಬೆಂಕಿ, ಕಳ್ಳತನದ ಮಟ್ಟಿಗೆ ಹೌದು. ಆದರೆ ಅವರಿಗೇ ಏನಾದರೂ ಆದರೆ ಲಾಕರ್ ತೆಗೆಯಲು ನೀವು ಯಾರು ಅಂತ ಬ್ಯಾಂಕಿನವರು ಕಾಗದ ಕೇಳುತ್ತಾರೆ, ಆ ಕಾಗದ ಲಾಕರಿನ ಒಳಗಿರುತ್ತದೆ. ಇವತ್ತೇ ಹೋಗಿ ಜಂಟಿ ಹೆಸರು ಮಾಡಿಸಿ, "ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು" ಅನ್ನುವ ಷರತ್ತು ಹಾಕಿಸಿ, ನಾಮಿನಿ ಹೆಸರನ್ನೂ ಕೊಡಿ. ಇನ್ನೊಂದು ವಿಷಯ, 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಭೂಕಂಪ, ಪ್ರವಾಹ, ಸಿಡಿಲಿನಂಥದ್ದಕ್ಕೆ, ಬ್ಯಾಂಕಿನ ಕಡೆಯಿಂದ ನಿರ್ಲಕ್ಷ್ಯ ಇಲ್ಲದಿದ್ದರೆ, ಹೊಣೆ ಇಲ್ಲ. ಲಾಕರ್ ಕೋಣೆ ನೆಲಮಾಳಿಗೆಯಲ್ಲಿದೆಯಾ, ಮೇಲಿದೆಯಾ ಅಂತ ನೋಡಿ. ಕೆಳಗಿದ್ದರೆ ಮೇಲಿನ ಸಾಲಿನ ಲಾಕರ್ ಕೇಳಿ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಅಮ್ಮ ಕುಂದಾಪುರದ ಹತ್ತಿರ ಒಬ್ಬರೇ ಇದ್ದಾರೆ. ಯಾವ ಕಾಗದ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ, ಕೇಳಿದರೆ ಅಮ್ಮನಿಗೆ ಬೇಜಾರಾಗುತ್ತೋ ಏನೋ ಅಂತ ಸಂಕೋಚ.

ಉತ್ತರ: ಕೇಳಿ. "ನಿಮ್ಮ ನಂತರ" ಅಂತ ಶುರು ಮಾಡಬೇಡಿ, "ಮಳೆ ಜೋರಾಗಿದೆಯಂತೆ, ಮನೆ ಕಾಗದ ಎಲ್ಲಿಟ್ಟಿದ್ದೀರಿ ಅಮ್ಮ" ಅಂತ ಶುರು ಮಾಡಿ. ಕರಾವಳಿಯ ಹೆಣ್ಣುಮಕ್ಕಳಿಗೆ ಮಳೆಗಾಲದಲ್ಲಿ ಕಾಗದ ಮೆತ್ತಗಾಗುವುದು, ಗೆದ್ದಲು ಹಿಡಿಯುವುದು ಹೊಸದಲ್ಲ, ಮಾತು ತಾನಾಗಿ ಮುಂದೆ ಹೋಗುತ್ತದೆ. ನನ್ನ ತಾಯಿ ಹೊಲದ ಪತ್ರಗಳನ್ನು ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದರು. ಒಂದು ದಿನ ಮುಚ್ಚಳ ತೆಗೆದರೆ ಸುತ್ತ ಅಂಚು ಹಾಗೇ ಇದೆ, ನಡುವೆ ಅಂಗೈಯಗಲ ಮಣ್ಣು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲು ಸಿಕ್ಕಿತು, ಬದುಕಿದೆವು.

ಮುಂದಿನ ರಜೆಗೆ ಬಂದಾಗ ಒಂದು ದಿನ ಇದಕ್ಕೇ ಇಡಿ. ಅಮ್ಮನ ಜೊತೆ ಕೂತು ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ: ವಿಲ್ ಇದ್ದರೆ ಎಲ್ಲಿದೆ, ಕ್ರಯಪತ್ರದ ನಂಬರ್, ವರ್ಷ, ಯಾವ ಸಬ್ ರಿಜಿಸ್ಟ್ರಾರ್ ಆಫೀಸು, ಬ್ಯಾಂಕ್ ಶಾಖೆಗಳು, ಪಾಲಿಸಿ ನಂಬರ್, ಪಿಂಚಣಿ ಪುಸ್ತಕ. ಪಾಸ್‌ವರ್ಡ್, ಪಿನ್ ಮಾತ್ರ ಬರೆಯಬೇಡಿ. ಆ ಹಾಳೆ ಒಂದು ಅಮ್ಮನ ಹತ್ತಿರ, ಒಂದು ನಿಮ್ಮ ಹತ್ತಿರ, ಒಂದು ಊರಿನಲ್ಲೇ ಸ್ವಲ್ಪ ದೂರ ಇರುವ ನಂಬಿಕೆಯ ಬಂಧುವಿನ ಹತ್ತಿರ. ಪತ್ರಗಳನ್ನು ನೀವೇ ಚೆನ್ನಾಗಿ ಸ್ಕ್ಯಾನ್ ಮಾಡಿ, ಹಿಂಬದಿಯ ಸೀಲು, ಸಹಿ ಬಿಡಬೇಡಿ. ಸರ್ಕಾರದ ಆನ್‌ಲೈನ್ ದಾಖಲೆ ಪೆಟ್ಟಿಗೆಯಾದ ಡಿಜಿಲಾಕರಿನಲ್ಲಿ ಇಲಾಖೆಯೇ ನೇರ ಕೊಟ್ಟ ದಾಖಲೆಗೆ ಮೂಲ ಪತ್ರದಷ್ಟೇ ಮಾನ್ಯತೆ ಇದೆ, ನೀವು ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಅದಿಲ್ಲ. ಎರಡೂ ಒಂದೇ ಅಂತ ತಿಳಿಯಬೇಡಿ. ಅಪ್ಪನ ಹೆಸರಿನಲ್ಲಿ ಮರೆತುಹೋದ ಠೇವಣಿ ಇರಬಹುದು ಅನಿಸಿದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಹುಡುಕಿ ನೋಡಿ.

ಇನ್ನು ಮೂಲ ಪತ್ರಗಳು. ಬಾಯಿ ಸರಿಯಾಗಿ ಮುಚ್ಚುವ ಪ್ಲಾಸ್ಟಿಕ್ ಕವರ್, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಅದೆಲ್ಲ ಒಂದು ಕೈಚೀಲದಲ್ಲಿ, ಚೀಲ ನೆಲಕ್ಕೂ ಗೋಡೆಗೂ ತಾಗದ ಹಾಗೆ ಎತ್ತರದಲ್ಲಿ. ಅಟ್ಟದಷ್ಟು ಎತ್ತರ ಬೇಡ, ಅಮ್ಮನ ಕೈಗೆ ಸಿಗಬೇಕು. ಹೊರಡಿ ಅಂತ ಯಾರಾದರೂ ರಾತ್ರಿ ಬಾಗಿಲು ತಟ್ಟಿದರೆ ಆ ಒಂದು ಚೀಲ ತೆಗೆದುಕೊಂಡು ಹೊರಡುವ ಹಾಗಿರಬೇಕು. ಚೀಲಕ್ಕಾಗಿ ವಾಪಸ್ ಒಳಗೆ ಹೋಗಬಾರದು ಅಂತಲೂ ಅಮ್ಮನಿಗೆ ಹೇಳಿ. ಕಾಗದಕ್ಕೆ ನಕಲು ಸಿಗುತ್ತದೆ.

ಪ್ರಶ್ನೆ: ವಿಲ್ ಲ್ಯಾಮಿನೇಷನ್ ಮಾಡಿಸಬಹುದಾ?

ಉತ್ತರ: ಬೇಡ. ಬಿಸಿಗೆ ಶಾಯಿ ಕೆಡಬಹುದು, ಒಂದು ಸಲ ಅಂಟಿದ ಮೇಲೆ ಬಿಡಿಸಲು ಬರುವುದಿಲ್ಲ, ಸಹಿ ನಿಜವಾ ಅಂತ ತಜ್ಞರು ಪರೀಕ್ಷೆ ಮಾಡಬೇಕಾದರೆ ಕಾಗದವನ್ನು ಮುಟ್ಟಲೂ ಆಗುವುದಿಲ್ಲ. ಜೆರಾಕ್ಸ್‌ಗೆ ಬೇಕಾದರೆ ಮಾಡಿಸಿ. ಮೂಲ ಪತ್ರಕ್ಕೆ ಪಿನ್ನು, ಗುಂಡುಸೂಜಿ ಚುಚ್ಚಿದ್ದರೆ ತುಕ್ಕು ಹಿಡಿಯುವ ಮುಂಚೆ ನಿಧಾನವಾಗಿ ತೆಗೆದು, ಮಡಿಸದೆ ಉದ್ದ ಕವರಿನಲ್ಲಿ ಇಡಿ.